ಪಡುವಣ ಯಾವ ಕಡೆ?

ಬೆಳ್ಳೂರಿನಲ್ಲಿ ಶಾಲಾ ವ್ಯಾನ್ ಓಡಿಸುವ ದಮಯಂತಿ, ಕಾಡಿನಲ್ಲಿ ಫೋನಿಲ್ಲದೆ ದಾರಿ ಹುಡುಕಲು ಕಲಿಯಬೇಕೆಂದು ಗೆಳತಿ ಶಾಹಿನಾಳೊಂದಿಗೆ ಅಡೂರಿನ ಗುಡ್ಡ ಹತ್ತಿದ್ದಳು. ಒಳ್ಳೆಯ ಬಿಸಿಲಿದ್ದಾಗ ಕೋಲು ನೆಟ್ಟು, ನೆರಳಿನ ತುದಿಗೆ ಒಂದು ಕಲ್ಲಿಟ್ಟಳು. ನೆರಳು ಸರಿದ ಮೇಲೆ ಇನ್ನೊಂದನ್ನು ಇಟ್ಟಳು. ಮೊದಲ ಕಲ್ಲಿನ ಕಡೆಯೇ ಪಡುವಣ ಎಂದು ಅವಳು ಕಲಿತದ್ದು. ಅಷ್ಟರಲ್ಲಿ ಮೋಡ ಕವಿದು ನೆರಳೇ ಮಾಯವಾಯಿತು.

"ಮೊದಲು ಇಟ್ಟ ಕಲ್ಲು ಯಾವುದು ಮಾರಾಯ್ತಿ?" ಎಂದಳು ಶಾಹಿನಾ.

ದಮಯಂತಿ ಬಗ್ಗಿ ನೋಡಿದಳು. "ಇದೇ ಇರಬೇಕು. ಅಲ್ಲ, ಅದಾ?"

"ನನ್ನ ಹತ್ರ ಎಂತ ಕೇಳುವುದು? ನೀನಲ್ವಾ ಇಟ್ಟದ್ದು!"

ಕೊನೆಗೆ ನೀರು ಹರಿಯುವ ತೋಡಿನ ಬದಿಯಲ್ಲೇ ಇಳಿದು ರಸ್ತೆ ಸೇರಿದರು. ಬಂದ ಬಸ್ಸಿಗೆ ಕೈ ತೋರಿಸಿ ಹತ್ತಿದರು.

"ಎಲ್ಲಿಗೆ?" ಕಂಡಕ್ಟರ್ ಕೇಳಿದ.

ದಮಯಂತಿ ಕಿಟಕಿಯಾಚೆ ನೋಡಿ ತಡವರಿಸಿದಳು. "ಇದು ಎಲ್ಲಿಗೆ ಹೋಗುವ ಬಸ್ಸು?"