ಪಟ್ಟಿಗೆ ಹಚ್ಚಿದ ಖಾರ

ನಮ್ಮ ಮನೆಯ ಮೆಟ್ಟಿಲ ಅಂಚಿಗೆ ಬರೀ ಮುಂಗಾಲು ಊರಿ, ಎರಡೂ ಹಿಮ್ಮಡಿಗಳನ್ನು ಗಾಳಿಯಲ್ಲಿ ಇಳಿಬಿಟ್ಟು, ಮೇಲೆ ಕೆಳಗೆ ತೂಗುತ್ತ ಚಹಾ ಕುಡಿದ ಮನುಷ್ಯ ಅವರೊಬ್ಬರೇ. ಒಂದು ಹನಿ ಚೆಲ್ಲುತ್ತಿರಲಿಲ್ಲ. ಮೊದಲ ಸಲ ನೋಡಿದಾಗ, ಪಾಪ, ಮೂಲವ್ಯಾಧಿ ಇರಬೇಕು, ಅದಕ್ಕೇ ಕೂಡುವುದಿಲ್ಲ ಎಂದುಕೊಂಡಿದ್ದೆ.

“ಕುಂದ್ರಿ ಮಾಸ್ತರ, ಕುರ್ಚಿ ಏನ್ ಕಚ್ಚೂದಿಲ್ಲ” ಅಂದೆ.

“ಬ್ಯಾಡ್ರಿ ಅಮ್ಮಾರ. ಕುಂತು ಕುಂತು ಹಿಮ್ಮಡಿ ಮ್ಯಾಲೇರತಾವು. ಹಿಮ್ಮಡಿ ಮ್ಯಾಲೇರಿದ್ರ ಸವಾರ ಕೆಳಗ ಬೀಳತಾನ.”

ಅವರು ಕುದುರೆ ಮಾಸ್ತರು. ಅರ್ಧ ಆಯುಷ್ಯ ಸೈನ್ಯದ ಕುದುರೆ ಪಡೆಯಲ್ಲಿ ಕಳೆದು, ನಿವೃತ್ತಿಯಾದ ಮೇಲೆ ಹಲಗೇರಿಗೆ ಬಂದು, ಅಣ್ಣನ ಹೊಲದ ಬದುವಿನ ಮೇಲೆ ತಗಡಿನ ಲಾಯ ಎಬ್ಬಿಸಿ ಮೂರು ಕುದುರೆ ಕಟ್ಟಿಕೊಂಡಿದ್ದರು. ಮದುವೆಗಳಿಗೆ ಕುದುರೆ ಕೊಡುತ್ತಿದ್ದರು. ಬಂದವರಿಗೆ ಸವಾರಿ ಕಲಿಸುತ್ತೇನೆ ಎಂದು ಬೋರ್ಡು ಹಾಕಿದ್ದರು. ಬೋರ್ಡಿನ ಮೇಲೆ ಕಾಗೆ ಕೂಡುತ್ತಿತ್ತು, ಮತ್ತೆ ಯಾರೂ ಬರುತ್ತಿರಲಿಲ್ಲ.

ನನ್ನ ತವರು ಬ್ಯಾಡಗಿ. ಅಲ್ಲಿ ನನ್ನ ಅಣ್ಣನ ಮಗನ ಮದುವೆಯಲ್ಲಿ ಮದುಮಗ ಮಾಸ್ತರು ತಂದ ಕುದುರೆಯನ್ನು ಕಂಡು ಹಿಂದೆ ಸರಿದು ನಿಂತುಬಿಟ್ಟ. ಹಿರಿಯರೆಲ್ಲ ಅವನನ್ನು ರಮಿಸುತ್ತಿರುವಾಗ ನನ್ನ ಮೊಮ್ಮಗಳು ನೀಲಾ, ಆಗ ಹನ್ನೊಂದು ವರ್ಷದವಳು, ರೇಷ್ಮೆ ಲಂಗ ಎತ್ತಿ ಕಟ್ಟಿ ಏರಿ ಕುಳಿತೇ ಬಿಟ್ಟಳು. ಅವಳ ಅಪ್ಪ ಬೈಯಲು ಓಡಿದ. ಮಾಸ್ತರು ಅವನಿಗಿಂತ ಮೊದಲು ತಲುಪಿದರು. ಬೈಯಲಿಲ್ಲ. ಅವಳ ಹಿಮ್ಮಡಿ ಹಿಡಿದು ಕೆಳಕ್ಕೆ ಒತ್ತಿ, “ಈಗ ನೋಡು, ಹೆಂಗ ಕುಂತೀದಿ” ಅಂದರು. ಅಲ್ಲಿಗೆ ನಮ್ಮ ಮನೆಯ ನೆಮ್ಮದಿ ಮುಗಿಯಿತು.

ಆ ಮನುಷ್ಯ ಒಂದು ಗಳಿಗೆ ಸುಮ್ಮನಿದ್ದುದನ್ನು ನಾನು ಕಂಡಿಲ್ಲ. ಮಾತಾಡುತ್ತ ತೊಗಲಿನ ಪಟ್ಟಿ ಹೊಲಿಯುವುದು, ಹೊಲಿಯುತ್ತ ನಡೆಯುವುದು, ನಡೆಯುತ್ತ ಯಾವುದೋ ಕುದುರೆಯನ್ನು ಗದರಿಸುವುದು. ಮೀಸೆಗೆ ಕಪ್ಪು ಹಚ್ಚುತ್ತಿದ್ದರು, ತಲೆಗೆ ಹಚ್ಚುತ್ತಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, “ಟೋಪಿ ಮೀಸಿ ಮುಚ್ಚೂದಿಲ್ಲಲ್ರಿ” ಅಂದಿದ್ದರು. ಅವರ ಚಡಪಡಿಕೆ ನಮಗೂ ಅಂಟಿತು. ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟ ನನ್ನ ಮಗ ಗಿರಾಕಿಗೆ ಸೌತೆಬೀಜ ಕೊಡುವಲ್ಲಿ ಮೆಣಸಿನ ಬೀಜ ಕೊಟ್ಟದ್ದೂ ಉಂಟು. ನೀಲಾ ದೊಡ್ಡವಳಾಗಿ ಸ್ಕೂಟರು ಕಲಿತ ಮೇಲಂತೂ, ಸಂಜೆಯಾದರೆ ಮನೆಯಲ್ಲಿ ಕೂಡಲಾಗದೆ ನಾನೂ ಅವಳ ಹಿಂದೆ ಹತ್ತಿ ಹಲಗೇರಿಗೆ ಹೊರಡುತ್ತಿದ್ದೆ.

ಸವಾರಿ ಕಲಿತ ನೀಲಾ ಹಿಡಿದದ್ದು ಮೂರು ದಿನದ ಸ್ಪರ್ಧೆ. ಮೊದಲ ದಿನ ಕುದುರೆ ಹೊಸ ಸೊಸೆಯ ಹಾಗೆ ನಡೆಯಬೇಕು. ಹೇಳಿದಲ್ಲಿ ತಿರುಗಬೇಕು, ಹೇಳಿದಲ್ಲಿ ನಿಲ್ಲಬೇಕು, ಮುಖ ಸಿಂಡರಿಸಬಾರದು. ಎರಡನೆಯ ದಿನ ಅದೇ ಸೊಸೆ ತಗ್ಗು, ದಿಮ್ಮಿ, ನೀರು ಎಲ್ಲ ಹಾರಿ ಬಯಲು ತುಂಬ ಓಡಬೇಕು. ಮೂರನೆಯ ದಿನ ಬಣ್ಣ ಬಳಿದ ಕೋಲುಗಳನ್ನು ಒಂದೂ ಬೀಳಿಸದೆ ಜಿಗಿಯಬೇಕು. ಮೂರೂ ದಿನ ಅದೇ ಸವಾರ, ಅದೇ ಕುದುರೆ.

“ಮೂರನೇ ದಿನಾ ಕುದುರಿ ಕೇಳತೈತ್ರಿ ಅಮ್ಮಾರ, ನಿನ್ನಿ ನನ್ನ ಹೆಂಗ ನಡಿಸಿಕೊಂಡಿ ಅಂತ” ಎನ್ನುತ್ತಿದ್ದರು ಮಾಸ್ತರು.

ಅವಳ ಕುದುರೆಯ ಹೆಸರು ಶಾಣ್ಯಾ, ಅಂದರೆ ಜಾಣ. ರೇಸಿನಲ್ಲಿ ಗೆಲ್ಲದ್ದಕ್ಕೆ ಮಾರಾಟಕ್ಕೆ ಬಂದದ್ದು. ಹಗ್ಗ, ಬಾಗಿಲ ಚೌಕಟ್ಟು, ನನ್ನ ಇಳಕಲ್ಲ ಸೀರೆಯ ಸೆರಗು, ಬಾಯಿಗೆ ಸಿಕ್ಕದ್ದನ್ನೆಲ್ಲ ಅಗಿಯುತ್ತಿತ್ತು. ಗೋವಿನಜೋಳ ಕೊಯ್ದ ಹೊಲದಲ್ಲಿ ಹತ್ತಿಕಟ್ಟಿಗೆಯ ಹೊರೆ, ಮುರಿದ ಚಕ್ಕಡಿಯ ಮೂಕಿ, ಎಣ್ಣೆ ಡಬ್ಬಿಯ ಮೇಲಿಟ್ಟ ಪೈಪು, ಇವೇ ಅದು ಹಾರುವ ಅಡೆತಡೆಗಳು. ನೀರಿಗೆ ಮಾತ್ರ ಹೆದರುತ್ತಿತ್ತು. ಮೇಡ್ಲೇರಿಯ ಹೊಳೆದಂಡೆಗೆ ಒಯ್ದರೆ ನಾಲ್ಕೂ ಕಾಲು ಊರಿ ನಿಂತಿತು. ನೀಲಾ ಒದ್ದಳು, ಅತ್ತಳು. ಮಾಸ್ತರು ಪ್ಯಾಂಟು ಮಡಚಿ ಮೊಳಕಾಲಿನವರೆಗೆ ನೀರಿಗಿಳಿದು, ಅದಕ್ಕೆ ಬೆನ್ನು ತಿರುಗಿಸಿ, ಕಿಸೆಯಿಂದ ಸೌತೆಕಾಯಿ ತೆಗೆದು ಕಚ್ಚತೊಡಗಿದರು. ಕರೆಯಲಿಲ್ಲ, ತಿರುಗಿ ನೋಡಲಿಲ್ಲ. ಎರಡನೆಯ ಸೌತೆಕಾಯಿ ಮುಗಿಯುವ ಹೊತ್ತಿಗೆ ಶಾಣ್ಯಾ ಅವರ ಹೆಗಲ ಮೇಲೆ ಮೂತಿಯಿಟ್ಟು ನಿಂತಿತ್ತು, ನಾಲ್ಕೂ ಕಾಲು ನೀರಿನಲ್ಲಿ.

ನೀಲಾ ಡಿಗ್ರಿ ಕಾಲೇಜಿಗೆ ಬಂದ ವರ್ಷ ಬೆಂಗಳೂರಿನ ಹತ್ತಿರ ಒಂದು ದೊಡ್ಡ ಸ್ಪರ್ಧೆ ಇತ್ತು. ಕಿರಿಯರ ವಿಭಾಗದಲ್ಲಿ ಅವಳಿಗೆ ಅದೇ ಕೊನೆಯ ಅವಕಾಶ. ಮೂರೂ ದಿನ ಚೆನ್ನಾಗಿ ಮುಗಿಸಿದರೆ ತರಬೇತಿ ಶಿಬಿರಕ್ಕೆ ಆರಿಸುತ್ತಿದ್ದರು. ನನ್ನ ಮಗ ಒಂದು ಗೆರೆ ಎಳೆದಿದ್ದ. “ಈ ಸಲ ಆತಂದ್ರ ಆತು. ಇಲ್ಲಂದ್ರ ಕುದುರಿ ಬಿಟ್ಟು ಪುಸ್ತಕ ಹಿಡೀಬೇಕು. ಮತ್ತ ಅಳೂದು ಕರಿಯೂದು ನಡಿಯೂದಿಲ್ಲ.” ನೀಲಾ ಒಪ್ಪಿದಳು, ಆದರೆ ಅವತ್ತಿನಿಂದ ಸರಿಯಾಗಿ ಉಣ್ಣಲಿಲ್ಲ.

ಲಾರಿಯಲ್ಲಿ ಹೋಗುವಾಗ ಕುದುರೆಯ ಕಾಲಿಗೆ ಪೆಟ್ಟಾಗದಂತೆ ದಪ್ಪ ಪಟ್ಟಿ ಸುತ್ತುತ್ತಾರೆ. ಶಾಣ್ಯಾ ಅದನ್ನು ಬಿಚ್ಚಿ ತಿನ್ನುತ್ತಿತ್ತು. ಹೊರಡುವ ಮುನ್ನಾದಿನ ಮಾಸ್ತರು ಬಂದು, “ಅಮ್ಮಾರ, ನಿಮ್ಮ ತವರಮನಿ ಖಾರ ಒಂದೀಟು ಅರದ ಕೊಡ್ರಿ. ನಮ್ಮ ಪಡೇದಾಗ ಕುದುರಿ ಕಚ್ಚೂ ಚಟಕ್ಕ ಇದಾ ಔಷಧ” ಅಂದರು. ಅರೆದು ಕೊಟ್ಟೆ, ಪಟ್ಟಿಯ ಮೇಲೆ ಹಚ್ಚಿದರು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ರಾಜ, ಖಾರಕ್ಕಲ್ಲ. ಶಾಣ್ಯಾ ಅದನ್ನು ಚಟ್ನಿಯ ಹಾಗೆ ನೆಕ್ಕಿ, ಎಲೆಯಡಿಕೆ ಹಾಕಿಕೊಂಡ ಗೌಡರಂತೆ ತುಟಿ ಕೆಂಪು ಮಾಡಿಕೊಂಡು ನಿಂತಿತು. ಮಾಸ್ತರು ಹಲ್ಲು ಕಚ್ಚಿ ಪೇಟೆಗೆ ಹೋಗಿ ಗಿಡ್ಡ ಖಾರದ ಕಾಯಿ ತಂದರು. ಅದನ್ನೂ ಅರೆದೆ. ಆಮೇಲೆ ಅದು ಪಟ್ಟಿಗೆ ಬಾಯಿ ಹಾಕಲಿಲ್ಲ.

ಕುದುರೆ ಲಾರಿಯಲ್ಲಿ, ನಾವು ರೈಲಿನಲ್ಲಿ. ಮೈದಾನದಲ್ಲಿ ಪಟ್ಟಿ ಬಿಚ್ಚಿದಾಗ ಕಾಲು ಬಿಸಿ ಇತ್ತು. ಪ್ರಯಾಣದ ಬಿಸಿ ಎಂದುಕೊಂಡರು ಮಾಸ್ತರು. ಪಕ್ಕದ ಲಾಯದಲ್ಲಿ ಮೈಸೂರು ಕಡೆಯ ಒಬ್ಬ ತರಬೇತುದಾರರಿದ್ದರು. ಅವರ ಕುದುರೆಯೂ ಪಟ್ಟಿ ಕಡಿಯುತ್ತಿತ್ತು. ಮಾಸ್ತರು ದೊಡ್ಡತನದಿಂದ ಖಾರದ ಉಪಾಯ ಹೇಳಿಕೊಟ್ಟರು.

ಆ ತರಬೇತುದಾರರು ನಕ್ಕು, ಸುತ್ತ ನೋಡಿ, ದನಿ ತಗ್ಗಿಸಿದರು. “ಅಯ್ಯೋ, ಹಾಗೆಲ್ಲ ಹೇಳ್ಬೇಡಿ ಸಾರ್. ಅದು ನಿಷೇಧ ಆಗಿ ಎಷ್ಟೋ ವರ್ಷ ಆಯ್ತಲ್ಲ. ಕಾಲು ಉರಿದ್ರೆ ಕುದುರೆ ಕೋಲಿಗೆ ತಾಗಿಸ್ದೆ ಎತ್ತಿ ಎತ್ತಿ ಹಾರುತ್ತೆ ಅಂತ ಕೆಲವರು ಬೇಕಂತ್ಲೇ ಹಚ್ತಿದ್ರು.”

ಮಾಸ್ತರು ತಿರುಗಿ ಬಂದು ಶಾಣ್ಯಾನ ಕಾಲುಗಳನ್ನು ಮತ್ತೆ ಹಿಡಿದು ನೋಡಿದರು. ಬೆವರಿಗೆ ಖಾರ ಪಟ್ಟಿಯೊಳಗೆ ಇಳಿದಿತ್ತು. ಅಂಗೈ ಮೂಸಿದರು. ಅವರ ಮೀಸೆಯ ಕಪ್ಪು ಬಿಳಿಚಿದ ಮುಖಕ್ಕೆ ಹೊಂದದೆ ಬೇರೆಯಾಗಿ ಕಂಡಿತು.

“ತೊಳದ ಬಿಡೂಣು ಮಾಸ್ತರ” ಅಂದಳು ನೀಲಾ. “ಎಲ್ಲಾರದೂ ಪರೀಕ್ಷಾ ಮಾಡೂದಿಲ್ಲ. ಯಾರಿಗೂ ಗೊತ್ತಾಗೂದಿಲ್ಲ.”

“ಹೌದ್ರಿ, ನಾನಾ ತೊಳೀತೇನಿ, ನೀರ ಎಲ್ಲೈತಿ?” ಎಂದು ನಾನೂ ಸೆರಗು ಸಿಕ್ಕಿಸಿದೆ. ಅರೆದವಳು ನಾನಲ್ಲವೇ.

ಮಾಸ್ತರು ಮೊದಲು ತಣ್ಣೀರು ತಂದು ತಾವೇ ತೊಳೆದರು, ಬಹಳ ಹೊತ್ತು. ಆಮೇಲೆ ಟೋಪಿ ಸರಿಮಾಡಿಕೊಂಡು ಅಧಿಕಾರಿಗಳ ಡೇರೆಯ ಕಡೆ ನಡೆದರು. ನೀಲಾ ಅಡ್ಡ ಬಂದು ಅವರ ತೋಳು ಹಿಡಿದಳು. “ಮಾಸ್ತರ, ನನಗ ಇದಾ ಕಡೀ ಸಲ. ಅಪ್ಪಾಜಿ ಮತ್ತ ಬಿಡೂದಿಲ್ಲ. ನಿಮಗ ಗೊತ್ತೈತಿ.”

“ಗೊತ್ತೈತವಾ” ಅಂದು ಅವಳ ಕೈ ಬಿಡಿಸಿ ಹೋದರು.

ನಾನು ಹಿಂದೆ ಹೋಗಿ ಡೇರೆಯ ಬಾಗಿಲಲ್ಲಿ ನಿಂತೆ. “ಖಾರ ಹಚ್ಚಿದಾವ ನಾನು. ಹುಡುಗಿಗೆ ಏನೂ ಗೊತ್ತಿಲ್ಲ. ಸ್ಪರ್ಧಾದಿಂದ ಕುದುರಿ ವಾಪಸ್ ತಗೋತೇನಿ” ಎಂದಷ್ಟೇ ಹೇಳಿದರು ಮಾಸ್ತರು. ಅಧಿಕಾರಿ ಒಳ್ಳೆಯವನು, ಬೈಯಲಿಲ್ಲ. ಹೊರಗೆ ಯಾರೋ ಕಿಸಕ್ಕೆಂದದ್ದು ನನಗೆ ಕೇಳಿಸಿತು, ಅವರಿಗೂ ಕೇಳಿಸಿರಬೇಕು.

ರಾಣೇಬೆನ್ನೂರು ಬರುವವರೆಗೆ ನೀಲಾ ಕಿಟಕಿಯ ಕಡೆ ಮುಖ ಮಾಡಿದವಳು ತಿರುಗಲಿಲ್ಲ. ಮರುದಿನ ಮಾಸ್ತರು ಮನೆಗೆ ಬಂದರು. ನನ್ನ ಮಗ ಒಳಗೆ ಕರೆಯಲಿಲ್ಲ.

“ನೀವು ಹೇಳದಿದ್ರ ಯಾರಿಗೆ ಗೊತ್ತಾಗತಿತ್ರಿ?” ಎಂದು ಕೇಳಿದ.

“ಉರಿಯೂ ಕಾಲಿನ ಕುದುರಿ ಎಲ್ಲಿ ಹೆಂಗ ಜಿಗೀತೈತೋ ಯಾರು ಬಲ್ಲರು ಸಾಹುಕಾರ? ಅದರ ಮ್ಯಾಲೆ ನಿಮ್ಮ ಮಗಳನ್ನ ಕುಂದರಿಸಿ ತಗ್ಗು ಹಾರು ಅನ್ನಲಿ? ತಪ್ಪು ನಂದು. ಆಕೀನ್ನ ಯಾಕ ಬಿಡಸ್ತೀರಿ?”

“ಮಾತಾಗಿತ್ತು, ಆತು” ಎಂದು ಮಗ ಬಾಗಿಲು ಮುಚ್ಚಿದ.

ನೀಲಾ ಹಲಗೇರಿಗೆ ಹೋಗುವುದನ್ನು ಬಿಟ್ಟಳು. ಪುಸ್ತಕ ಹಿಡಿದಳು, ಆದರೆ ಹಾಳೆ ತಿರುವುತ್ತಿರಲಿಲ್ಲ. ಮನೆಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಗ ಅಂಗಳದಲ್ಲಿ, ಸೊಸೆ ಅಡುಗೆಮನೆಯಲ್ಲಿ, ಎಲ್ಲರೂ ಸುಮ್ಮನೆ ಅಡ್ಡಾಡುವುದು. ನನಗೆ ಸಾಕಾಯಿತು. ಒಂದು ಬೆಳಿಗ್ಗೆ ಗುಡಿಗೆ ಹೋಗುತ್ತೇನೆಂದು ಹೇಳಿ ಆಟೋ ಹಿಡಿದು ಹಲಗೇರಿಗೆ ಹೋದೆ.

“ಮಾಸ್ತರ, ನನ್ನ ಕುದುರಿ ಮ್ಯಾಲೆ ಕುಂದರಸ್ರಿ.”

“ಅಮ್ಮಾರ, ವಯಸ್ಸೆಷ್ಟ್ರಿ ನಿಮಗ?”

“ಕುದುರಿಗೆ ಕೇಳ್ರಿ, ಅದಕ್ಕ ನಡೀತೈತೇನು. ನಿಮಗ ಯಾಕ?”

ಮೊದಲು ಆಗುವುದಿಲ್ಲ ಅಂದರು. ಆಮೇಲೆ ನನ್ನ ಮುಖ ನೋಡಿದರು. ಏನೋ ಹೊಳೆಯಿತು ಅನಿಸುತ್ತದೆ, ಮೀಸೆಯೊಳಗೆ ನಕ್ಕರು. ಕಚ್ಚೆ ಹಾಕಿಕೊಂಡೆ, ಕಾಳಿನ ಚೀಲದ ಮೇಲೆ ಹತ್ತಿ, ಅಲ್ಲಿಂದ ಶಾಣ್ಯಾನ ಮೇಲೆ. ಅಷ್ಟು ಎತ್ತರದಿಂದ ಹಲಗೇರಿಯನ್ನು ನಾನು ನೋಡಿರಲಿಲ್ಲ. ಕೊರಳ ಕೂದಲು ಬಿಗಿಯಾಗಿ ಹಿಡಿದು, ಹೊರಗೆ ಮಾತ್ರ ದರ್ಪ ತೋರಿಸಿದೆ. ದಾರಿಹೋಕರು ನಿಂತು ನೋಡಿದರು, ಯಾರೋ ಅಂಗಡಿಗೆ ಫೋನು ಮಾಡಿದರು. ಮಗ ಬಂದ, ಸ್ಕೂಟರಿನ ಹಿಂದೆ ನೀಲಾ.

“ಅವ್ವಾ, ಇಳಿ. ಮಂದಿ ನಗಾಕತ್ಯಾರ.”

“ನಗಲಿ. ನಿನ್ನ ಮಗಳು ಬಂದು ಲಗಾಮ ಹಿಡದ್ರ ಇಳೀತೇನಿ. ಇಲ್ಲಂದ್ರ ಹಿಂಗಾ ಹೊಡಕೊಂಡು ಬ್ಯಾಡಗಿಗೆ ಹೊಕ್ಕೇನಿ, ತವರಮನಿಗೆ.”

“ಹಿಮ್ಮಡಿ ಕೆಳಗ, ಅಮ್ಮಾರ” ಎಂದರು ಮಾಸ್ತರು, ಬಹಳ ಗಂಭೀರವಾಗಿ.

ನೀಲಾಳಿಗೆ ನಗು ತಡೆಯಲಾಗಲಿಲ್ಲ. ಅಷ್ಟು ದಿನಗಳ ಮೇಲೆ ನಕ್ಕಳು, ನಗುತ್ತಲೇ ಬಂದು ಲಗಾಮು ಹಿಡಿದಳು, ಕುದುರೆಯ ಕೊರಳಿಗೆ ಮುಖ ಒತ್ತಿ ನಿಂತುಬಿಟ್ಟಳು. ನನ್ನನ್ನು ಇಳಿಸುವುದನ್ನು ಎಲ್ಲರೂ ಮರೆತರು. ಮಗ ಅವಳನ್ನೇ ನೋಡುತ್ತಿದ್ದ. ಕೊನೆಗೆ ಮಾಸ್ತರ ಕಡೆ ತಿರುಗಿ, “ಇನ್ನ ಮ್ಯಾಲೆ ದೊಡ್ಡವರ ಜೋಡಿ ಹಾರಬೇಕಲ್ರಿ. ಆಗತೈತಿ ಇಕಿ ಕೈಲೆ?” ಎಂದು ಕೇಳಿದ.

“ವರ್ಷ ಕೊಡ್ರಿ” ಅಂದರು ಅವರು.

ಆ ವರ್ಷ ಪೂರ್ತಿ ಅವರು ದುಡಿದರು, ಅವಳನ್ನೂ ದುಡಿಸಿದರು. ಸ್ಪರ್ಧೆ ಹತ್ತಿರ ಬಂದಾಗ ಅವರ ಹೃದಯ ಕೈಕೊಟ್ಟಿತು. ಹಾವೇರಿಯ ಆಸ್ಪತ್ರೆಗೆ ಸೇರಿಸಿದರು. ಕುದುರೆಯ ಜೊತೆ ಯಾರು ಹೋಗಬೇಕು ಎಂಬ ಮಾತು ಬಂದಾಗ ನನ್ನ ಮಗ ಅಂಗಡಿಗೆ ಬೀಗ ಹಾಕಿ ಲಾರಿ ಹತ್ತಿದ. ಜನ್ಮದಲ್ಲಿ ಕುದುರೆ ಮುಟ್ಟಿದವನಲ್ಲ. ನಾನು ಮಾಸ್ತರ ಹತ್ತಿರ ಉಳಿದೆ. ಫೋನಿನಲ್ಲಿ ಬರೆಯುವುದನ್ನೂ ಮುಖ ನೋಡಿ ಮಾತಾಡುವುದನ್ನೂ ಆಗಷ್ಟೇ ಕಲಿತಿದ್ದೆ.

ಎರಡನೆಯ ದಿನದ ಓಟ ಮುಗಿದ ಮೇಲೆ ಫೋನು ಬಂತು. ಅವರ ಮುಖದ ಮುಂದೆ ಹಿಡಿದೆ. ನೀಲಾ ಕೆಸರು ಮೆತ್ತಿದ ಮುಖದಲ್ಲಿ ಏನೇನೋ ಹೇಳುತ್ತಿದ್ದಳು. ನೀರು, ದಿಮ್ಮಿ, ಎಲ್ಲ ದಾಟಿದೆ ಎಂದು. ಅವರು ಕೈ ಎತ್ತಿ ತಡೆದರು.

“ಕಾಲು ತೋರಸು.”

ಫೋನು ಕೆಳಗಿಳಿಯಿತು. ಶಾಣ್ಯಾನ ನಾಲ್ಕು ಕಾಲು, ಅವುಗಳ ಪಕ್ಕ ಮೊಳಕಾಲೂರಿ ಕೂತ ನನ್ನ ಮಗ. ಒಂದೊಂದೇ ಕಾಲನ್ನು ಅಂಗೈಯಿಂದ ಮೇಲಿನಿಂದ ಕೆಳಗಿನವರೆಗೆ ಸವರಿ, ಗೊರಸಿನ ಹತ್ತಿರ ತಡೆದು ನೋಡಿದ. ನಾಲ್ಕೂ ಮುಗಿಯುವವರೆಗೆ ಮಾಸ್ತರು ಬೆರಳು ಮಡಚಿ ಎಣಿಸಿದರು.

“ತಂಪ ಅದಾವ್ರಿ ಮಾಸ್ತರ” ಅಂದ ಮಗ.

ಮರುದಿನ ಒಂದು ಕೋಲು ಬಿತ್ತು, ಆದರೂ ಅವಳನ್ನು ಶಿಬಿರಕ್ಕೆ ಆರಿಸಿದರು. ಫೋನು ಬಂದದ್ದೇ ವಾರ್ಡಿಗೆ ಓಡಿಹೋಗಿ ಮಾಸ್ತರಿಗೆ ಹೇಳಿದೆ. “ಶಾಣ್ಯಾ ಮೇವು ತಿಂತಂತ?” ಎಂದು ಕೇಳಿದರು. ತಿಂತಂತ್ರಿ ಅಂದೆ. ಲಾರಿ ತಿರುಗಿ ಬರುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು.

ಈಗ ನೀಲಾ ಶಿಬಿರದಲ್ಲಿದ್ದಾಳೆ, ಶಾಣ್ಯಾನೂ ಅಲ್ಲೇ. ಉಳಿದೆರಡು ಮುದಿ ಕುದುರೆಗಳು ಹಲಗೇರಿಯಲ್ಲಿವೆ. ಅಂಗಡಿ ತೆಗೆಯುವ ಮೊದಲು ನನ್ನ ಮಗ ದಿನಾ ಅಲ್ಲಿಗೆ ಹೋಗಿ ಅವುಗಳ ಕಾಲು ಸವರಿ ಬರುತ್ತಾನೆ. ಬಂದವನೇ ರೊಟ್ಟಿಗೆ ಕೂಡುತ್ತಾನೆ, ಅಂಗೈ ಘಮ್ಮೆಂದು ಕುದುರೆ ನಾರುತ್ತಿರುತ್ತದೆ. ಕೈ ತೊಳೆದುಕೊ ಎನ್ನುವುದನ್ನು ನಾನು ಬಿಟ್ಟಿದ್ದೇನೆ.