ಗಂಗಕ್ಕನ ಮುಂದೆ ನಾನು ನುಂಗಿದ ಸಾಲು

ಗಂಗಕ್ಕ ಕಂಪ್ಯೂಟರಿನ ಪರದೆ ನೋಡುತ್ತಿದ್ದುದನ್ನು ನಾನು ಕಂಡಿದ್ದೇ ಕಡಿಮೆ. ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು "ಓದಮ್ಮ" ಅನ್ನುತ್ತಿದ್ದರು. ನಾವು ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಬೇಕಿತ್ತು. ಹಳೇ ಕಾಲದ ಮೇಷ್ಟ್ರ ಗತ್ತು ಅಂತ ನಾವೆಲ್ಲ ಅವರ ಬೆನ್ನ ಹಿಂದೆ ನಗುತ್ತಿದ್ದೆವು.

ನಮ್ಮ ಆಫೀಸು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಮನೆಯಲ್ಲೇ ಕೂತು ಸರದಿ ಹಿಡಿಯುವಂಥ ವೆಬ್‌ಸೈಟು ಕಟ್ಟುತ್ತಿದ್ದೆವು. ಬರೆಯುವವಳು ನಾನು. ತಪ್ಪು ಹುಡುಕಿ, ಬಿಡುಗಡೆಗೆ ಒಪ್ಪಿಗೆ ಕೊಡುವವರು ಗಂಗಕ್ಕ. ಐವತ್ತು ದಾಟಿದ ಹೆಂಗಸು, ದಿನಾ ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮುಂಚೆ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡುತ್ತಿದ್ದವರು. ಅಲ್ಲಿ ಕೆಟ್ಟ ಭಾಗದ ಮೇಲೆ ಬರೀ ಅಡ್ಡಗೆರೆ ಎಳೆದರೆ ಅವರಿಗೆ ಸಿಟ್ಟು ಬರುತ್ತಿತ್ತಂತೆ. ಯಾಕೆ ಕೆಟ್ಟಿದೆ ಅಂತ ಸೀಮೆಸುಣ್ಣದಲ್ಲಿ ಬರೆಯಲೇಬೇಕಿತ್ತು.

ನಮ್ಮಲ್ಲಿ ಪರೀಕ್ಷೆ ಮಾಡುವುದೂ ಒಂದು ಪ್ರೋಗ್ರಾಮೇ. ರೋಗಿಯ ಹಾಗೆ ತಾನೇ ಪುಟ ತೆರೆದು, ಬಟನ್ ಒತ್ತಿ, ಸರಿಯಿದ್ದರೆ ಹಸಿರು ಸಾಲು, ಇಲ್ಲದಿದ್ದರೆ ಕೆಂಪು ಸಾಲು ಬರೆಯುತ್ತದೆ. ಕೆಂಪಿನ ಪಕ್ಕ ಇರುತ್ತಿದ್ದುದು ಒಂದೇ ಮಾತು, ಮೂವತ್ತು ಸೆಕೆಂಡು ಕಾದೆ, ಪುಟ ಬರಲಿಲ್ಲ ಅಂತ. ಆಫೀಸಿನ ನೆಟ್ಟೋ, ದೇವರಿಗೇ ಪ್ರೀತಿ. ಹಾಗಾಗಿ ಕೆಂಪು ಕಂಡರೆ ನೆಟ್ಟಿಗೆ ಬೈದು, ಹಸಿರಾಗುವವರೆಗೆ ಮತ್ತೆ ಮತ್ತೆ ಓಡಿಸುತ್ತಿದ್ದೆವು.

ಗಂಗಕ್ಕನಿಗೆ ಅದು ಒಗ್ಗಲಿಲ್ಲ. "ಕಾದೆ ಕಾದೆ ಅನ್ನೋ ಗೋಳು ನಂಗ್ಯಾಕೆ, ಬುಡು. ಒಳಗಡೆ ಸೈಟಿಗೆ ಏನಾಯ್ತು, ಅದು ಬಾಯ್ಬಿಟ್ಟು ಏನಂತು? ಅದನ್ನ ಬರ್ಸು ಕಣಮ್ಮ" ಅಂತ ವಾರವಿಡೀ ಬೆನ್ನು ಹತ್ತಿದರು. ಕೊನೆಗೆ ಬರೆದುಕೊಟ್ಟೆ. ಕೆಂಪು ಬಿದ್ದರೆ ಅದರ ಕೆಳಗೆ "ಸೈಟು ಏನಂತು" ಅನ್ನುವ ತಲೆಬರಹ, ಅದರಡಿ ಸೈಟಿನೊಳಗೆ ಎದ್ದ ದೋಷ, ಯಾವ ಫೈಲು, ಎಷ್ಟನೇ ಸಾಲು, ಎಲ್ಲ. ಅವತ್ತು ಅವರು ಬೇಕರಿಯಿಂದ ಎಲ್ಲರಿಗೂ ದಿಲ್‌ಪಸಂದ್ ತರಿಸಿದರು.

ಅದು ಮೊದಲು ಹಿಡಿದುಕೊಟ್ಟಿದ್ದು ನನ್ನನ್ನೇ.

ಸೋಮವಾರ ಸೈಟು ಜನರಿಗೆ ತೆರೆಯಬೇಕಿತ್ತು. ಶುಕ್ರವಾರ ಮಧ್ಯಾಹ್ನ ಒಂದು ಕೆಂಪು ಬಿತ್ತು. ಗುಬ್ಬಿಯ ಸರದಿಯನ್ನು ಕುಣಿಗಲ್ಲಿಗೆ ಬದಲಿಸಿದರೆ ಗುಬ್ಬಿಯದು ರದ್ದಾಗುತ್ತಿತ್ತು, ಕುಣಿಗಲ್ಲಿನದು ದಾಖಲಾಗುತ್ತಿರಲಿಲ್ಲ. ರೋಗಿಗೆ ಕಾಣುತ್ತಿದ್ದುದು "ದಯವಿಟ್ಟು ಕಾಯಿರಿ" ಅಂತ ಮಾತ್ರ. ಹಿಂದೊಮ್ಮೆ ಸೈಟನ್ನು ಮ್ಯಾನೇಜರಿಗೆ ತೋರಿಸುವ ದಿನ ಮಾನ ಉಳಿಸಿಕೊಳ್ಳಲು, ದೋಷ ಬಂದರೂ ಅದನ್ನು ಮುಚ್ಚಿ ಹಾಗೆ ತೋರಿಸಲಿ ಅಂತ ನಾನೇ ಬರೆದಿದ್ದೆ. ತೆಗೆಯಲು ಮರೆತಿದ್ದೆ. ವರ್ಷವಿಡೀ ಮನೆಯಲ್ಲಿ ಕೂತ ಮೇಲೆ ಸಿಕ್ಕ ಕೆಲಸ, ಕಾಯಂ ಆಗಲು ಇನ್ನು ಹತ್ತೇ ದಿನ. ಪರದೆಯ ಮೇಲೆ ಈಗ ಇದ್ದುದು ನನ್ನ ಫೈಲಿನ ಹೆಸರು.

"ಓದಮ್ಮ" ಅಂದರು ಗಂಗಕ್ಕ, ಕಣ್ಣು ಮುಚ್ಚಿ.

ಓದಿದೆ. ತಲೆಬರಹದವರೆಗೂ ಓದಿ, ಕೆಳಗಿನ ಸಾಲನ್ನು ನುಂಗಿಬಿಟ್ಟೆ. "ಏನೂ ಅಂದಿಲ್ಲ ಅಕ್ಕ. ನೆಟ್ಟೇ ಇರ್ಬೇಕು" ಅಂದೆ. ಸರಿ ಹಾಗಾದ್ರೆ ಅಂತ ಅವರು ಒಪ್ಪಿಗೆ ಕೊಟ್ಟರು. ಶನಿವಾರ ಸದ್ದಿಲ್ಲದೆ ಸರಿಮಾಡಿಬಿಡೋಣ ಅನ್ನುವುದು ನನ್ನ ಲೆಕ್ಕ. ಆದರೆ ಒಪ್ಪಿಗೆ ಸಿಕ್ಕಿದ್ದೇ ತಡ, ಇನ್ನು ಸೋಮವಾರದವರೆಗೆ ಯಾರೂ ಏನೂ ಮುಟ್ಟುವ ಹಾಗಿಲ್ಲ ಅಂತ ಮ್ಯಾನೇಜರ್ ಬೀಗ ಹಾಕಿಬಿಟ್ಟರು.

ಶನಿವಾರ ಮನೆಯಲ್ಲೇ ಉಳಿದೆ. ಯಡಿಯೂರಿನ ಕಡೆಯ ಯಾರೋ ಒಬ್ಬರು, ಊದಿದ ಕಾಲು ಎಳೆದುಕೊಂಡು ಕುಣಿಗಲ್ಲಿಗೆ ಬಂದು, ನಿಮ್ಮ ಸರದಿ ಇಲ್ಲವಲ್ಲ ಅನ್ನಿಸಿಕೊಂಡು ಬೆಂಚಿನ ಮೇಲೆ ಕೂತ ಹಾಗೆ ಕಣ್ಣಿಗೆ ಕಟ್ಟುತ್ತಿತ್ತು. ಒಂದು ಸರದಿ ತಪ್ಪಿದರೆ ಉಸಿರಾಡಲೂ ಕಷ್ಟಪಡುವ ಜನ ಅವರು. ಭಾನುವಾರ ಬೆಳಿಗ್ಗೆ ಗುಬ್ಬಿಯ ಬಸ್ಸು ಹತ್ತಿದೆ.

ಗಂಗಕ್ಕ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಹುಳುಕು ಕಾಳನ್ನು ಬೆರಳಲ್ಲೇ ತಡವಿ ಆಚೆ ಹಾಕುತ್ತಿದ್ದರು. ನಾನು ಎರಡಡಿ ದೂರದಲ್ಲಿ, ಬಿಸಿಲಿನಲ್ಲಿ ನಿಂತಿದ್ದೆ. ಮುಖ ನನ್ನ ಕಡೆಗೇ ಎತ್ತಿ "ಯಾರು?" ಅಂದರು.

ಅಮ್ಮನ ಕಣ್ಣಿನ ನರ ಸೊರಗಿ ಎರಡು ವರ್ಷವಾಯಿತು, ಆಫೀಸಲ್ಲಿ ಯಾರಿಗೂ ಹೇಳಿಲ್ಲ ಅಂತ ಒಳಗಿಂದ ಬಂದ ಮಗಳು ಪಿಸುಗುಟ್ಟಿದಳು. ಗತ್ತಂತೆ ಗತ್ತು. ಅವರು ನಮ್ಮ ಬಾಯನ್ನೇ ನಂಬಿ ಕೂತಿದ್ದರು.

"ಸೌಮ್ಯ ಅಕ್ಕ. ಮೊನ್ನೆ ಒಂದು ಸಾಲು ಓದ್ಲಿಲ್ಲ" ಅಂದೆ. ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದ ಆ ಸಾಲನ್ನು ಪೂರ್ತಿ ಓದಿದೆ. ಬರೆದವಳು ನಾನು ಅಂತಲೂ ಹೇಳಿದೆ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗಳ ಕೈಲಿ ಮ್ಯಾನೇಜರಿಗೆ ಫೋನು ಹಚ್ಚಿಸಿದರು. "ಸರ್, ನಾಳೆ ಸೈಟು ತೆರೀಬೇಡಿ. ಕುಣಿಗಲ್ ಸರದಿ ದಾಖಲಾಗ್ತಿಲ್ಲ. ಒಪ್ಪಿಗೆ ಕೊಟ್ಟೋಳು ನಾನು. ಯಾಕೆ ತಪ್ಪಾಯ್ತು ಅಂತಾನೂ ಬರ್ಕೊಳ್ಳಿ, ನಂಗೆ ಕಣ್ಣು ಕಾಣಲ್ಲ." ಅಷ್ಟು ಹೇಳಿ ಫೋನನ್ನು ನನ್ನ ಕಡೆ ಚಾಚಿದರು. "ನಿಂದು ನೀನೇ ಹೇಳು."

ಹೇಳಿದೆ. ಸೈಟು ನಾಲ್ಕು ದಿನ ತಡವಾಗಿ, ಸರಿಯಾಗಿ ತೆರೆಯಿತು. ನಾನು ಕಾಯಂ ಆಗುವುದು ಮೂರು ತಿಂಗಳು ಮುಂದಕ್ಕೆ ಹೋಯಿತು. ಗಂಗಕ್ಕ ಆಫೀಸಿಗೆ ಮತ್ತೆ ಬರಲಿಲ್ಲ. ಬನ್ನಿ, ಬೇರೆ ಕೆಲಸ ಕೊಡ್ತೀವಿ ಅಂತ ಮ್ಯಾನೇಜರೇ ಕರೆದರೂ ಒಪ್ಪಲಿಲ್ಲ.

ತಿಂಗಳಾದ ಮೇಲೆ ದಿಲ್‌ಪಸಂದ್ ಕಟ್ಟಿಸಿಕೊಂಡು ಹೋಗಿದ್ದೆ. ಅದೇ ಕೊನೆಯ ಭೇಟಿ. ಆಮೇಲೆ ಅವರು ಮಗಳ ಜೊತೆ ಊರು ಬಿಟ್ಟರು. ಅವತ್ತು ನನ್ನ ಕೈ ಹಿಡಿದುಕೊಂಡು, "ನೀನು ನುಂಗಿದ್ದು ಒಂದು ಸಾಲು ಕಣೆ. ಕಾಣ್ದೇನೆ ಎಷ್ಟಕ್ಕೆ ಸರಿ ಅಂದೆನೋ, ನಂಗೇ ಗೊತ್ತಿಲ್ಲ. ಹಳೇವೆಲ್ಲ ಇನ್ನೊಂದ್ಸಲ ನೋಡ್ತೀಯಾ?" ಅಂದರು.

ನೋಡುತ್ತಿದ್ದೇನೆ. ಇನ್ನೂ ಮುಗಿದಿಲ್ಲ. ಕೆಂಪು ಬಿದ್ದಾಗಲೆಲ್ಲ ಅವರ ಕುರ್ಚಿಯ ಕಡೆ ತಿರುಗಿ ಗಟ್ಟಿಯಾಗಿ ಓದುತ್ತೇನೆ. ಹೊಸದಾಗಿ ಸೇರಿದವರು ನನ್ನ ಬೆನ್ನ ಹಿಂದೆ ನಗುತ್ತಾರೆ. "ಸೈಟು ಏನಂತು" ಅನ್ನುವಲ್ಲಿಗೆ ಬಂದಾಗ ಈಗಲೂ ಒಮ್ಮೆ ನಿಲ್ಲುತ್ತೇನೆ. ಒಂದು ಗುಟುಕು ನೀರು ಕುಡಿದು ಕೆಳಗಿನ ಸಾಲನ್ನೂ ಓದುತ್ತೇನೆ.