ಟೈಪ್ ತ್ರೀ ಮತ್ತು ನಮ್ಮ ಅತ್ತೆ

ಗಾಲ್ ಬ್ಲಾಡರ್ ಕಲ್ಲಿನ ಆಪರೇಷನ್‌ಗೆ ಮುಂಚೆ ಮಾಡುವ ಮಾಮೂಲಿ ರಕ್ತಪರೀಕ್ಷೆಯಲ್ಲಿ ಸಿಕ್ಕಿಬಿದ್ದೆ. ಹೆಪಟೈಟಿಸ್ ಸಿ ಪಾಸಿಟಿವ್. ಸರ್ಜನ್ ನನ್ನ ಮುಖ ನೋಡದೆ ಆಪರೇಷನ್ ಮುಂದಕ್ಕೆ ಹಾಕಿದರು. ಹಲಸೂರಿನ ಮನೆಗೆ ಆಟೋದಲ್ಲಿ ಬರುವಾಗ ಗಂಡ ಒಂದೇ ಮಾತು ಕೇಳಿದರು.

"ಎಲ್ಲಿಂದ ಅಂಟಿಸ್ಕೊಂಡು ಬಂದೆ ಇದನ್ನ?"

ಭಯವಾಗುತ್ತಿದೆಯಾ ಅಂತ ಕೇಳಲಿಲ್ಲ.

ಅತ್ತೆ ಏನೂ ಕೇಳಲಿಲ್ಲ. ಪಾತ್ರೆ ಅಂಗಡಿಗೆ ಹೋಗಿ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ಕೊಂಡು, ಅವುಗಳ ಮೇಲೆ ನನ್ನ ಹೆಸರು ಕೊರೆಸಿಕೊಂಡು ಬಂದರು. ಏಳು ವರ್ಷದ ಮಗಳು ರಮ್ಯಾಗೆ ನಾನು ಕೈತುತ್ತು ಹಾಕುವುದು ನಿಂತಿತು. ಅವಳ ಹಾಸಿಗೆ ಅಜ್ಜಿಯ ಪಕ್ಕಕ್ಕೆ ಹೋಯಿತು. ಇದು ರಕ್ತದಿಂದ ಹರಡುತ್ತದೆ, ಊಟದಿಂದಲ್ಲ, ಮುಟ್ಟುವುದರಿಂದಲ್ಲ ಎಂದು ಡಾಕ್ಟರ್ ಅಂದಿದ್ದನ್ನು ಎಷ್ಟು ಸಲ ಹೇಳಿದೆನೋ. "ಅವರಿಗೇನು, ಹೇಳ್ತಾರೆ," ಅಂದರು ಅತ್ತೆ. ಲಿವರ್ ಹಾಳಾಗುವ ಭಯ ಇತ್ತು, ನಿಜ. ಆದರೆ ನನ್ನ ಮಗು ನನಗೆ ವಾಪಸ್ ಸಿಗುತ್ತದೋ ಇಲ್ಲವೋ ಎನ್ನುವುದೇ ನನ್ನನ್ನು ಹೆಚ್ಚು ತಿನ್ನುತ್ತಿತ್ತು.

ವೈರಸ್ಸಿನಲ್ಲೂ ಜಾತಿಗಳಿವೆಯಂತೆ, ಜಿನೋಟೈಪ್ ಅನ್ನುತ್ತಾರೆ. ಅದನ್ನು ತಿಳಿಯಲು ನನ್ನ ರಕ್ತ ಮುಂಬೈಗೆ ಹೋಯಿತು.

"ಟೈಪ್ ತ್ರೀ," ಅಂದರು ಲಿವರ್ ಡಾಕ್ಟರು. "ನಮ್ಮ ದೇಶದಲ್ಲಿ ಇದೇ ಹೆಚ್ಚು. ಟೈಪ್ ಒನ್ ಆಗಿದ್ದಿದ್ರೆ ವರ್ಷ ಪೂರ್ತಿ ಇಂಟರ್‌ಫೆರಾನ್ ಇಂಜೆಕ್ಷನ್ ತಗೋಬೇಕಿತ್ತು. ನಿಮಗೆ ಆರು ತಿಂಗಳು ಸಾಕು."

"ಎಷ್ಟು ಜನಕ್ಕಿದೆ ಡಾಕ್ಟ್ರೇ ಇದು?"

"ಸರಿಯಾಗಿ ಯಾರು ಎಣಿಸಿದಾರೆ? ಆಪರೇಷನ್‌ಗೆ ಬಂದೋರು, ರಕ್ತ ಕೊಡೋಕೆ ಬಂದೋರು, ಅಷ್ಟೇ ಲೆಕ್ಕಕ್ಕೆ ಸಿಗೋದು. ನೀವು ಹಿಂದೆಲ್ಲ ನೆಗಡಿ ಜ್ವರಕ್ಕೆ ಇಂಜೆಕ್ಷನ್ ಎಲ್ಲಿ ಹಾಕಿಸ್ಕೋತಿದ್ರಿ?"

ಶಿವಾಜಿನಗರದ ಒಂದು ಕ್ಲಿನಿಕ್ಕಿನಲ್ಲಿ. ಕರೆದುಕೊಂಡು ಹೋಗುತ್ತಿದ್ದದ್ದು ಅತ್ತೆಯೇ. ಬರೀ ಮಾತ್ರೆ ಬರೆದುಕೊಡುವವರು ಅವರ ಲೆಕ್ಕದಲ್ಲಿ ಡಾಕ್ಟರೇ ಅಲ್ಲ. ನೆಗಡಿಗೂ ಸೂಜಿ ಬೇಕು, ಸುಸ್ತಿಗೆ ಬಿ ಕಾಂಪ್ಲೆಕ್ಸ್ ಸೂಜಿ ಬೇಕು. ತೊಂಬತ್ತರ ದಶಕದ ಶುರುವಿನಲ್ಲಿ ಅಲ್ಲಿನ ಕಾಂಪೌಂಡರ್ ಗಾಜಿನ ಸಿರಿಂಜನ್ನು ಬಿಸಿನೀರಿನಲ್ಲಿ ಒಮ್ಮೆ ಅದ್ದಿ ಮುಂದಿನವರಿಗೆ ಚುಚ್ಚುತ್ತಿದ್ದ. ನಾವು, ಅತ್ತೆಯೂ ಸೇರಿ, ಬೆಂಚಿನ ಮೇಲೆ ಸಾಲಾಗಿ ಕೂತು ಕಾಯುತ್ತಿದ್ದೆವು.

"ಮನೆಯೋರಿಗೆಲ್ಲ ಟೆಸ್ಟ್ ಮಾಡಿಸಿ," ಅಂದರು ಡಾಕ್ಟರು.

"ನನಗ್ಯಾಕೆ? ನಾನೇನು ಹೋಟೆಲಲ್ಲಿ ತಿಂತೀನಾ?" ಎಂದು ಅತ್ತೆ ರೇಗಿದರು. ನಾನು ಬಿಡಲಿಲ್ಲ.

ಗಂಡನಿಗೆ ಇರಲಿಲ್ಲ. ಮಗಳಿಗೆ ಇರಲಿಲ್ಲ.

ಅತ್ತೆಗೆ ಇತ್ತು.

ನನಗೆ ಸಂತೋಷವಾಯಿತು, ಯಾಕೆ ಸುಳ್ಳು ಹೇಳಲಿ. ಅವರದೂ ಟೈಪ್ ತ್ರೀ. ಆದರೆ ಲಿವರ್ ಆಗಲೇ ಹಾಳಾಗಿ ಗಟ್ಟಿಯಾಗಿತ್ತು, ವಯಸ್ಸೂ ಆಗಿತ್ತು. ಇಂಟರ್‌ಫೆರಾನ್ ಅವರ ಮೈ ತಡೆಯುವುದಿಲ್ಲ ಅಂದರು ಡಾಕ್ಟರು. ಗಂಡ ಮಗಳ ಹಾಸಿಗೆಯನ್ನು ಅಲ್ಲಿಂದಲೂ ಎತ್ತಿ ತಮ್ಮ ಪಕ್ಕಕ್ಕೆ ಹಾಕಿಕೊಂಡರು. ಅವರಿಗೂ ತಾಯಿಯದೇ ಬುದ್ಧಿ.

ಆ ಇಂಜೆಕ್ಷನ್ನಿನ ಆರು ತಿಂಗಳು ನಾನು ಚಳಿಜ್ವರದಲ್ಲಿ ನಡುಗಿದೆ. ಕೂದಲು ಉದುರಿತು. ಗಂಡನ ಮೇಲೆ, ಆ ಕಾಂಪೌಂಡರ್ ಮೇಲೆ, ಏನೂ ಮಾಡದ ಹಾಲಿನವನ ಮೇಲೂ ಸಿಟ್ಟು. ಇಂಜೆಕ್ಷನ್ ಮುಗಿದು ಮತ್ತೆ ಆರು ತಿಂಗಳಾದ ಮೇಲೆ ಮಾಡಿದ ಟೆಸ್ಟಿನಲ್ಲಿ ವೈರಸ್ ಕಾಣಲಿಲ್ಲ. ಕಲ್ಲು ಇನ್ನೂ ಹೊಟ್ಟೆಯಲ್ಲೇ ಇದೆ, ಇರಲಿ. ಅಂದೇ ರಮ್ಯಾಳ ಹಾಸಿಗೆಯನ್ನು ನನ್ನ ಕೋಣೆಗೆ ತಂದುಕೊಂಡೆ. ಯಾರನ್ನೂ ಕೇಳಲಿಲ್ಲ.

ಸಂಜೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ಮಗೂನ ನನ್ನ ಹತ್ರ ಬಿಡ್ತೀಯೇನಮ್ಮಾ?"

ಒಂದು ವರ್ಷದಿಂದ ಅವರಿಗಾಗಿ ಮಾತುಗಳನ್ನು ಮಸೆದಿಟ್ಟುಕೊಂಡಿದ್ದೆ. ಅವರ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತ್ತು.

"ಬಿಡ್ತೀನಿ ಅತ್ತೆ. ಮುಟ್ಟಿದ್ರೆ ಬರಲ್ಲ ಇದು," ಅಂದೆ.

ಕರುಣೆಯಿಂದ ಹೇಳಿದ್ದಲ್ಲ. ನಿಜವಾಗಿಯೂ ಬರುವುದಿಲ್ಲ, ಅದಕ್ಕೆ ಹೇಳಿದೆ. ಈ ಸಲ ಅವರು ನಂಬಿದರು.